ಗಂಟು, ಶೂಲ, ಹೆಗಲು: ಹಣದ ಭಾವ ಮತ್ತು ಮೈಯ ಬಿಗಿತವನ್ನು ಕುರಿತು ಹಡಪಸರದಿಂದ ಒಂದು ಓದು

1

ಪುಣೆಯ ಪೂರ್ವದ ಅಂಚಿನಲ್ಲಿರುವ ಹಡಪಸರದಲ್ಲಿ ಎರಡು ದಾರಿಗಳು ಕವಲೊಡೆಯುತ್ತವೆ. ಒಂದು ಸೊಲ್ಲಾಪುರದ ಕಡೆಗೆ ಸಾಗಿ, ಅಲ್ಲಿಂದ ಮುಂದೆ ಕಲಬುರಗಿ, ವಿಜಯಪುರಗಳ ಕನ್ನಡ ಸೀಮೆಯನ್ನು ಮುಟ್ಟುತ್ತದೆ. ಇನ್ನೊಂದು ದಿವೆ ಘಾಟನ್ನೇರಿ ಸಾಸವಡಕ್ಕೂ ಜೇಜುರಿಗೂ ಹೋಗುತ್ತದೆ. ಪಂಢರಪುರದ ಆಷಾಢ ವಾರಿಯಲ್ಲಿ ಪುಣೆಯಿಂದ ಹೊರಟ ತುಕಾರಾಮರ ಪಾಲಕಿ ಮತ್ತು ಜ್ಞಾನೇಶ್ವರರ ಪಾಲಕಿ ಪ್ರತಿವರ್ಷ ಬೇರೆಯಾಗುವುದು ಇಲ್ಲಿಯೇ. ಈ ಕವಲಿನ ಸುತ್ತಲಿನ ಕಟ್ಟಡಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯಲು ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರು ತಮ್ಮ ಬೇನೆಯನ್ನು ವೈದ್ಯರಿಗೆ ಹೇಳುವಾಗ ‘ನಡ ಹಿಡದದ’, ‘ಎದಿ ಬಿಗೀತದ’ ಎಂಬ ಮಾತುಗಳು ಕೇಳಿಬರುತ್ತವೆ. ನಡವೆಂದರೆ ಆ ಸೀಮೆಯ ನುಡಿಯಲ್ಲಿ ಸೊಂಟ. ಸಾಲದ ಕಂತಿನ ದಿನ ಹತ್ತಿರವಾದಾಗಲೂ ಅವರು ಆಡುವ ಮಾತು ಬಹುತೇಕ ಇದೇ. ಮರಾಠಿ ಬಲ್ಲ ವೈದ್ಯರಿಗೆ ಸೊಂಟದ ನೋವು ಮುಟ್ಟುತ್ತದೆ. ಕಂತಿನ ಸಂಗತಿ ಮುಟ್ಟುವುದಿಲ್ಲ.

ಹಣದ ಬಗೆಗಿನ ಭಯ, ಲಜ್ಜೆ, ಆಸೆಗಳು ಮೈಯಲ್ಲಿ ಬಿಗಿತವಾಗಿ ತೋರುವ ಈ ಬಗೆಯನ್ನು ಕನ್ನಡ ವಿಮರ್ಶೆ ಇದುವರೆಗೆ ಹೆಚ್ಚಾಗಿ ಅಲಂಕಾರದ ವಿಷಯವೆಂದೇ ನೋಡಿದೆ. ‘ಸಾಲದ ಹೊರೆ’ ಎಂದಾಗ ಹೊರೆ ಒಂದು ರೂಪಕ. ‘ಎದೆಯ ಮೇಲಿನ ಭಾರ’ ಎಂದಾಗ ಭಾರ ಒಂದು ರೂಪಕ. ಈ ತೀರ್ಮಾನ ತಪ್ಪಲ್ಲವಾದರೂ ಅವಸರದ್ದು. ಕನ್ನಡದ ಕೆಲವು ಪ್ರಸಿದ್ಧ ರಚನೆಗಳನ್ನು ಹಡಪಸರದ ಕವಲಿನಲ್ಲಿ ನಿಂತು ಮತ್ತೆ ಓದಿ, ಅವುಗಳಲ್ಲಿ ಮೈ ಹಣದ ಬಗ್ಗೆ ಏನನ್ನು ತಿಳಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೈಯ ಬಿಗಿತವು ಹಣದ ಪ್ರಮಾಣವನ್ನು ಅಳೆಯುವುದಿಲ್ಲ, ಹಣದ ಮೂಲಕ ಒಬ್ಬರು ಇನ್ನೊಬ್ಬರಿಗೆ ಕಟ್ಟುಬಿದ್ದ ಸಂಬಂಧವನ್ನು ಅಳೆಯುತ್ತದೆ ಎಂಬುದು ನಾವು ಇಲ್ಲಿ ಮಂಡಿಸಲಿರುವ ವಿಚಾರ.

2

ಮೊದಲು ಪದಗಳನ್ನು ನೋಡಬಹುದು. ಕನ್ನಡದ ‘ಗಂಟು’ ಹಗ್ಗದ ಗಂಟೂ ಹೌದು, ಸೆರಗಿನ ತುದಿಯಲ್ಲಿ ಕಟ್ಟಿಟ್ಟ ಹಣವೂ ಹೌದು. ಕೂಡಿಟ್ಟ ಮೊತ್ತ ‘ಇಡುಗಂಟು’. ಮೈಯ ಕೀಲುಗಳ ಬೇನೆಯನ್ನು ‘ಗಂಟುನೋವು’ ಎನ್ನುತ್ತೇವೆ. ಚಿಂತೆ, ಸಿಟ್ಟುಗಳಲ್ಲಿ ಹುಬ್ಬು ‘ಗಂಟಿಕ್ಕು’ತ್ತದೆ. ಹೀಗೆ ಒಂದೇ ಪದ ಹಣವನ್ನೂ ಕೀಲನ್ನೂ ಮುಖದ ಬಿಗಿತವನ್ನೂ ಹೇಳುತ್ತದೆ. ‘ಸಾಲವೇ ಶೂಲ’ ಎಂಬ ಮಾತಿನಲ್ಲಿಯೂ ಇಂಥ ಇಮ್ಮಡಿ ಅರ್ಥವಿದೆ. ಶೂಲವೆಂದರೆ ಅಪರಾಧಿಯನ್ನು ಏರಿಸುವ ಮೊನೆ ಎಂದಷ್ಟೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆಯುರ್ವೇದದಲ್ಲಿ ಶೂಲವು ಇರಿದಂತೆ ಬರುವ ನೋವಿನ, ವಿಶೇಷವಾಗಿ ಹೊಟ್ಟೆಯ ನೋವಿನ, ಹೆಸರು. ಗಾದೆಯನ್ನು ಈ ಎರಡನೆಯ ಅರ್ಥದಲ್ಲಿ ಓದಿದರೆ ಅದು ಹೋಲಿಕೆಯಾಗಿ ಉಳಿಯದೆ ರೋಗದ ವರದಿಯಾಗುತ್ತದೆ.

ಉಳಿತಾಯದ ಭಾಷೆಯೂ ಭಿನ್ನವಲ್ಲ. ‘ಬಾಯಿ ಕಟ್ಟಿ, ಹೊಟ್ಟೆ ಕಟ್ಟಿ’ ಕೂಡಿಸಿದ ಹಣವೆಂದಾಗ ಕಟ್ಟುವ ಕ್ರಿಯೆ ಮೊದಲು ನಡೆಯುವುದು ಮೈಯ ಮೇಲೆ, ಗಂಟು ಆಮೇಲೆ. ಜಿಪುಣನ ಕೈ ‘ಬಿಗಿ’, ದಾನಿಯ ಕೈ ‘ಬಿಚ್ಚು’. ಪತ್ರವಿಲ್ಲದೆ, ನಂಬಿಕೆಯ ಮೇಲೆ ಕೊಡುವ ಅಲ್ಪಾವಧಿಯ ಸಾಲ ‘ಕೈಗಡ’.

ಹಡಪಸರದ ದಾರಿ ಇನ್ನೊಂದು ಪದವನ್ನು ಕೂಡಿಸುತ್ತದೆ. ಕಬ್ಬು ಕಡಿಯುವ ತಂಡಗಳಿಗೆ ಮುಕಾದಮನ ಮೂಲಕ ಮುಂಗಡವಾಗಿ ಸಲ್ಲುವ ಹಣಕ್ಕೆ ಮರಾಠಿಯಲ್ಲಿ ‘ಉಚಲ’ ಎನ್ನುತ್ತಾರೆ. ಅದರ ಮೂಲ ಕ್ರಿಯಾಪದದ ಅರ್ಥ ಎತ್ತುವುದು. ಕನ್ನಡದಲ್ಲಿಯೂ ನಾವು ಸಾಲವನ್ನು ‘ಎತ್ತು’ತ್ತೇವೆ, ಆಮೇಲೆ ‘ಹೊರು’ತ್ತೇವೆ. ಉಚಲ ಪಡೆದವನು ಹಣವನ್ನು ಎತ್ತಿದ ದಿನವೇ, ಮುಂದೆ ತಿಂಗಳುಗಟ್ಟಲೆ ಎತ್ತಬೇಕಾದ ಕಬ್ಬಿನ ಹೊರೆಯನ್ನೂ ಎತ್ತಿಕೊಂಡಿರುತ್ತಾನೆ. ಎರಡು ಎತ್ತುವಿಕೆಗಳ ನಡುವೆ ಇರುವುದು ಕಾಲದ ಅಂತರ ಮಾತ್ರ.

ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ರೂಪಕ ಕುರಿತ ಗ್ರಂಥದ ನಂತರ, ನಮ್ಮ ಅಮೂರ್ತ ಪರಿಕಲ್ಪನೆಗಳು ಮೈಯ ಅನುಭವದಿಂದ ಹುಟ್ಟುತ್ತವೆ ಎಂಬ ವಾದ ಎಲ್ಲರಿಗೂ ಪರಿಚಿತವಾಗಿದೆ. ಹೊರೆ ಹೊತ್ತ ಅನುಭವವಿದ್ದುದರಿಂದ ಸಾಲವನ್ನು ಹೊರೆ ಎನ್ನುತ್ತೇವೆ. ಆದರೆ ‘ಉಚಲ’ದಂಥ ಪದಗಳು ತಿರುಗುದಾರಿಯನ್ನೂ ತೋರಿಸುತ್ತವೆ. ಮೈಯಿಂದ ಹಣದ ಕಡೆಗೆ ಹೋದ ಮಾತು ಹಣದಿಂದ ಮೈಗೆ ಮರಳಿ ಬಂದು ನೋವಾಗಿ ನೆಲೆಸುತ್ತದೆ. ನಮ್ಮ ಆಸಕ್ತಿ ಇರುವುದು ಈ ಮರಳುವಿಕೆಯಲ್ಲಿ.

3

ಬಡತನವೇ ಮೈಯನ್ನು ಬಿಗಿಯುತ್ತದೆ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಕನ್ನಡ ಪರಂಪರೆ ಹಾಗೆ ಹೇಳುವುದಿಲ್ಲ. ಹೊರನಾಡಿನ ಓದುಗರಿಗೆ ಎ.ಕೆ. ರಾಮಾನುಜನ್ನರ 1973ರ ಇಂಗ್ಲಿಷ್ ಅನುವಾದ ಸಂಕಲನದಿಂದ ಪರಿಚಿತವಾಗಿರುವ ಬಸವಣ್ಣನವರ ವಚನವೊಂದನ್ನು ನೆನೆಯೋಣ. ಹಣವುಳ್ಳವರು ಕಲ್ಲಿನ ಗುಡಿ ಕಟ್ಟಿಸುತ್ತಾರೆ; ಬಡವನಾದವನು ತನ್ನ ಶರೀರವನ್ನೇ ಗುಡಿಯೆಂದು ಮುಂದಿಡುತ್ತಾನೆ. ಅಲ್ಲಿ ಕಾಲು, ತಲೆಗಳು ಕಟ್ಟಡದ ಭಾಗಗಳಾಗುತ್ತವೆ. ಭಾರ ಹೊರುವ ಅಂಗಗಳೇ ಆದರೂ ಅವುಗಳಲ್ಲಿ ನೋವಿಲ್ಲ, ಬಿಗಿತವಿಲ್ಲ. ಹಣವಿಲ್ಲದ ಮೈ ಇಲ್ಲಿ ನೆಟ್ಟಗೆ ನಿಂತಿದೆ. ಕಾರಣ ಸ್ಪಷ್ಟ: ಈ ಬಡವ ಯಾರಿಗೂ ಕೊಡಬೇಕಾದವನಲ್ಲ. ಕೂಡಲಸಂಗಮದೇವನ ಮುಂದೆ ತನ್ನ ಕೊರತೆಯನ್ನು ಒಪ್ಪಿಕೊಳ್ಳುವುದರಲ್ಲಿ ಅವನಿಗೆ ಲಜ್ಜೆಯೂ ಇಲ್ಲ.

ಇದಕ್ಕೆ ಎದುರಾಗಿ ಸರ್ವಜ್ಞನ ಪ್ರಸಿದ್ಧ ತ್ರಿಪದಿಯೊಂದನ್ನು ಇಟ್ಟು ನೋಡಬಹುದು. ಸಾಲ ಪಡೆಯುವಾಗ ಹಾಲು ಬೆರೆತ ಅನ್ನ ಉಂಡ ಸುಖ, ಕೊಟ್ಟವನು ಬಂದು ಎಳೆದಾಡುವಾಗ ಸೊಂಟದ ಸಂದೇ ಮುರಿದ ಸಂಕಟ ಎಂಬುದು ಅದರ ತಾತ್ಪರ್ಯ. ಮೂರು ಸಾಲುಗಳ ಈ ರಚನೆಯನ್ನು ನೀತಿಬೋಧೆಯೆಂದು ಶಾಲೆಯಲ್ಲಿ ಕಲಿತು ಮುಂದೆ ಸಾಗುವುದು ನಮ್ಮ ರೂಢಿ. ವಿಮರ್ಶೆಯ ಕಣ್ಣಿಗೆ ಅದರಲ್ಲಿ ಮೂರು ಸಂಗತಿಗಳು ಕಾಣುತ್ತವೆ. ಮೊದಲನೆಯದಾಗಿ, ಸುಖ ಮತ್ತು ಸಂಕಟ ಎರಡೂ ಮೈಯಲ್ಲಿಯೇ ಸಂಭವಿಸುತ್ತವೆ. ಒಂದು ನಾಲಗೆಯಲ್ಲಿ, ಇನ್ನೊಂದು ಸೊಂಟದಲ್ಲಿ. ಎರಡನೆಯದಾಗಿ, ನೋವು ಹುಟ್ಟುವುದು ಹಣ ಮುಗಿದ ಹೊತ್ತಿನಲ್ಲಲ್ಲ, ಸಾಲಗಾರನ ಮುಂದೆ ಕೊಟ್ಟವನು ಪ್ರತ್ಯಕ್ಷನಾದ ಹೊತ್ತಿನಲ್ಲಿ. ಮೂರನೆಯದಾಗಿ, ಸರ್ವಜ್ಞ ಆರಿಸಿಕೊಂಡ ಅಂಗ ಎದೆಯಲ್ಲ, ತಲೆಯಲ್ಲ. ನಿಲ್ಲುವುದಕ್ಕೂ ಬಾಗುವುದಕ್ಕೂ ಎತ್ತುವುದಕ್ಕೂ ಆಧಾರವಾದ ಸೊಂಟ. ಸಾಲ ಕೊಟ್ಟವನ ಮುಂದೆ ಬಾಗಬೇಕು, ತೀರಿಸಲು ದುಡಿಯಬೇಕು, ಎರಡಕ್ಕೂ ಬೇಕಾದ ಕೀಲೇ ಮುರಿಯುತ್ತದೆ. ಹಡಪಸರದ ಕನ್ನಡಿಗ ‘ನಡ ಹಿಡದದ’ ಎಂದಾಗ ಸರ್ವಜ್ಞ ಗುರುತಿಸಿದ ಜಾಗವನ್ನೇ ತೋರಿಸುತ್ತಿದ್ದಾನೆ.

4

ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದ ದ.ರಾ. ಬೇಂದ್ರೆಯವರು ಮುಂದೆ 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದರು. ಆ ಎರಡು ಊರುಗಳನ್ನು ಕೂಡಿಸುವ ದಾರಿ ಹಡಪಸರದ ಮೂಲಕ ಹೋಗುತ್ತದೆ. ಅವರ ‘ಕುರುಡು ಕಾಂಚಾಣ’ ಹಣವನ್ನು ಕುರಿತ ಕನ್ನಡ ಕವಿತೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಅದನ್ನು ಶೋಷಣೆಯ ವಿರುದ್ಧದ ಕವಿತೆಯೆಂದೂ ನಾದದ ಕವಿತೆಯೆಂದೂ ಓದಲಾಗಿದೆ. ಅದು ಅಂಗಾಂಗಗಳ ಕವಿತೆಯೂ ಹೌದು ಎಂಬುದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಕವಿತೆಯಲ್ಲಿ ಹಣ ಕುಣಿಯುತ್ತಿದೆ. ಅದಕ್ಕೆ ಕಣ್ಣಿಲ್ಲ, ಕಾಲಿದೆ. ಅದರ ಗೆಜ್ಜೆ ಬಾಣಂತಿಯ ಎಲುಬಿನದು, ಕೊರಳ ಮಾಲೆ ಎಳೆಯ ಮಕ್ಕಳ ಕಣ್ಣುಗಳೆಂಬ ಕವಡೆಗಳದು, ಕೈಯ ಪಂಜಿನ ಬೆಂಕಿ ಬಡವರ ಹೊಟ್ಟೆಯದು, ಹಣೆಯ ಭಂಡಾರ ಕೂಲಿಯವರ ಮೈದೊಗಲಿನ ಧೂಳಿಯದು. ಈ ವೇಷ ಎಲ್ಲಿಂದ ಬಂದುದು ಎಂದು ಕೇಳಿದರೆ, ಹಡಪಸರದಿಂದ ಸುಮಾರು 40 ಕಿಲೋಮೀಟರು ದೂರದ ಜೇಜುರಿಯ ದಾರಿ ಉತ್ತರ ಕೊಡುತ್ತದೆ. ಕನ್ನಡಿಗರಿಗೆ ಮೈಲಾರಲಿಂಗನಾದ ಖಂಡೋಬನ ಕ್ಷೇತ್ರ ಅದು. ಅಲ್ಲಿ ಅರಿಸಿನದ ಭಂಡಾರವನ್ನು ಹಣೆಗೆ ಹಚ್ಚಿ ಗಾಳಿಗೂ ತೂರುತ್ತಾರೆ. ಪಂಜು, ಕವಡೆಯ ಸರ, ‘ಉಧೋ’ ಎಂಬ ಘೋಷ ಇವೆಲ್ಲ ತುಳಜಾಭವಾನಿ, ಎಲ್ಲಮ್ಮರ ಭಕ್ತರ ಆಚರಣೆಯಲ್ಲಿ ಈ ಇಡೀ ಸೀಮೆಗೆ ಸಾಮಾನ್ಯವಾದವು. ಬೇಂದ್ರೆಯವರ ಕಾಂಚಾಣ ಮೈದುಂಬಿ ಕುಣಿಯುವ ದೈವದ ವೇಷದಲ್ಲಿ ಬಂದಿದೆ. ಆ ವೇಷದ ಎರಡು ವಸ್ತುಗಳಿಗೆ ಹಣದ ಅರ್ಥವೂ ಇದೆ: ಕವಡೆ ಒಂದು ಕಾಲದ ನಾಣ್ಯ, ಭಂಡಾರವೆಂದರೆ ಬೊಕ್ಕಸ. ಭಕ್ತ ದೈವಕ್ಕೆ ಭಂಡಾರ ಅರ್ಪಿಸುತ್ತಾನೆ. ಇಲ್ಲಿ ಕೂಲಿಯವನು ಅರ್ಪಿಸಿರುವುದು ತನ್ನ ಚರ್ಮವನ್ನು.

ಇನ್ನೂ ಒಂದು ಸೂಕ್ಷ್ಮವಿದೆ. ಕವಿತೆಯ ಕುಣಿತದ ಲಯ ಓದುಗನ ಕಾಲನ್ನೂ ಹಿಡಿಯುತ್ತದೆ. ಎಲುಬಿನ ಗೆಜ್ಜೆಯ ಸಪ್ಪಳಕ್ಕೆ ನಾವು ತಾಳ ಹಾಕುತ್ತಿದ್ದೇವೆಂಬ ಅರಿವು ತಡವಾಗಿ ಬರುತ್ತದೆ. ಬಂದಾಗ ಮೈ ಬಿಗಿಯಾಗುತ್ತದೆ. ಹಣದ ಉತ್ಸಾಹವೂ ಹಣದ ಹೇಸಿಗೆಯೂ ಒಂದೇ ಮೈಯಲ್ಲಿ ಕೂಡಿದಾಗ ಆಗುವ ಬಿಗಿತ ಅದು. ಕೊನೆಗೆ ಕಾಂಚಾಣ ಕುಣಿದು ಕುಣಿದು ಅಂಗಾತ ಬೀಳುತ್ತದೆ. ಅದನ್ನು ಹೆಗಲ ಮೇಲೆ ಎತ್ತುವ ಮಾತಿನಲ್ಲಿ ಕವಿತೆ ಮುಗಿಯುತ್ತದೆ. ಇದನ್ನು ಹೆಣ ಎತ್ತುವ ಬಿಡುಗಡೆಯೆಂದು ಓದಬಹುದು. ‘ಉಚಲ’ವನ್ನು ಬಲ್ಲವರಿಗೆ ಅಷ್ಟು ಸಮಾಧಾನ ಸಿಕ್ಕಲಾರದು. ಬಿದ್ದ ಹಣವನ್ನೂ ಎತ್ತಬೇಕಾದ ಹೆಗಲು ಯಾರದು? ತುಳಿಸಿಕೊಂಡವರದೇ.

5

ಬಿಗಿತ ಸಾಲಗಾರನ ಮೈಯಲ್ಲಿ ಮಾತ್ರ ಇರುತ್ತದೆಯೇ? ಹಡಪಸರದ ಎರಡು ದಾರಿಗಳು ಎರಡು ಉತ್ತರಗಳನ್ನು ನೆನಪಿಗೆ ತರುತ್ತವೆ. ತುಕಾರಾಮರ ಮನೆತನ ದೇಹೂ ಗ್ರಾಮದಲ್ಲಿ ವ್ಯಾಪಾರ ಮತ್ತು ಲೇವಾದೇವಿ ನಡೆಸುತ್ತಿದ್ದುದು. ಬರಗಾಲದ ನಂತರ ಅವರು ಜನರು ಕೊಡಬೇಕಾಗಿದ್ದ ಸಾಲಪತ್ರಗಳಲ್ಲಿ ತಮ್ಮ ಪಾಲನ್ನು ಇಂದ್ರಾಯಣಿ ನದಿಯಲ್ಲಿ ಮುಳುಗಿಸಿದರೆಂದು ಸಂಪ್ರದಾಯ ಹೇಳುತ್ತದೆ. ಸಾಸವಡದ ದಾರಿಯ ಆಚೆಗೆ ಪುರಂದರಗಡವಿದೆ. ಪುರಂದರದಾಸರ ಊರು ಅದೇ ಎಂಬ ಹಳೆಯ ಅಭಿಪ್ರಾಯವನ್ನು, ತೀರ್ಥಹಳ್ಳಿಯ ಬಳಿಯ ಆರಗವನ್ನು ಸೂಚಿಸುವ ವಿದ್ವಾಂಸರು ಒಪ್ಪುವುದಿಲ್ಲ. ಆ ಚರ್ಚೆ ನಮಗೆ ಇಲ್ಲಿ ಅಗತ್ಯವಿಲ್ಲ. ದಾಸರ ಪೂರ್ವಾಶ್ರಮದ ಕಥೆ ಮಾತ್ರ ಗಮನಾರ್ಹ. ಕೈ ಬಿಗಿ ಹಿಡಿದ ಲೇವಾದೇವಿಗಾರ ಬೇಡಲು ಬಂದವನಿಗೆ ಏನೂ ಕೊಡುವುದಿಲ್ಲ. ಅವನ ಹೆಂಡತಿ ತನ್ನ ಮೂಗುತಿಯನ್ನು ಬಿಚ್ಚಿ ಕೊಡುತ್ತಾಳೆ. ಗಂಡನಿಗೆ ತಿಳಿದಾಗ ವಿಷ ಕುಡಿಯಲು ಹೊರಡುತ್ತಾಳೆ. ಗಂಡನ ಮುಷ್ಟಿಯ ಬಿಗಿತಕ್ಕೆ ತೆರಬೇಕಾದ ಬೆಲೆ ಹೆಂಡತಿಯ ಮೈಯ ಮೇಲೆ ಬರುತ್ತದೆ. ಮೂಗುತಿ ಬಟ್ಟಲಲ್ಲಿ ಕಾಣಿಸಿಕೊಂಡ ಪವಾಡದಿಂದ ಅವಳು ಉಳಿದಳೆಂಬುದನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಪವಾಡವಿಲ್ಲದ ಮನೆಗಳ ಸಂಗತಿಯನ್ನು ಕಥೆ ನಮ್ಮ ಊಹೆಗೆ ಬಿಟ್ಟಿದೆ.

ಈ ಎರಡು ಕಥೆಗಳಲ್ಲಿಯೂ ಬಿಡುಗಡೆ ಕೊಟ್ಟವನ ಕಡೆಯಿಂದ ಬರುತ್ತದೆ. ಗಂಟನ್ನು ಬಿಚ್ಚಬಲ್ಲವನು ಕಟ್ಟಿದವನೇ ಎಂಬುದು ಇವುಗಳ ಸಮಾನ ಆಶಯ.

6

ಹಾಗಿದ್ದರೆ ಹಣ ಬಂದಮೇಲೆ ಗಂಟು ಸಡಿಲವಾಗುವುದೇ? ಈ ಪ್ರಶ್ನೆಗೆ ಸಮಕಾಲೀನ ಕನ್ನಡದ ನಿಷ್ಠುರ ಉತ್ತರ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದಿಂದ ಹೊರನಾಡಿನ ಓದುಗರಿಗೂ ಪರಿಚಿತವಾದ ಈ ಕಿರುಕಾದಂಬರಿಯ ಆವರಣ ಬೆಂಗಳೂರು. ಆದರೂ ಅದನ್ನು ಹಡಪಸರದಲ್ಲಿ ಓದುವುದು ಉಚಿತ. ಇಲ್ಲಿಯ ಮಗರಪಟ್ಟಾದಲ್ಲಿ ಸುಮಾರು 400 ಎಕರೆ ಹೊಲವನ್ನು ರೈತ ಕುಟುಂಬಗಳು ಒಟ್ಟುಗೂಡಿಸಿ, 2000ದ ಹೊತ್ತಿಗೆ ನಗರವಾಗಿ ಕಟ್ಟಲು ತೊಡಗಿ, ತಾವೇ ಅದರ ಪಾಲುದಾರರಾದವು. ನೆಲದ ಗಂಟು ಹಣದ ಗಂಟಾದ ಮನೆಗಳೂ ಉಚಲ ಎತ್ತಿದವರ ಬಿಡಾರಗಳೂ ಇಲ್ಲಿ ನೆರೆಹೊರೆಯಾಗಿವೆ.

ಕಾದಂಬರಿಯ ಪೂರ್ವಭಾಗದಲ್ಲಿ ತಂದೆ ಒಬ್ಬ ಮಾರಾಟ ಪ್ರತಿನಿಧಿ. ದಿನದ ಹಣ ಲೆಕ್ಕಕ್ಕೆ ಕೂಡದ ಒಂದು ರಾತ್ರಿ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಅದು ಹಂಚಿಕೊಂಡ ಬಿಗಿತ. ಲೆಕ್ಕ ಕೂಡಿದೊಡನೆ ಎಲ್ಲರಿಗೂ ಒಟ್ಟಿಗೆ ಸಡಿಲವಾಗುತ್ತದೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಏಳಿಗೆ ಹೊಂದಿದ ಮೇಲೆ ಮನೆ ದೊಡ್ಡದಾಗುತ್ತದೆ. ನಿರೂಪಕನಿಗೆ ಕೆಲಸವಿಲ್ಲದೆ ಸಂಬಳ ಬರುತ್ತದೆ. ಯಾರೂ ಯಾರಿಗೂ ಸಾಲಗಾರರಲ್ಲ; ಆದರೆ ಎಲ್ಲರೂ ಚಿಕ್ಕಪ್ಪನಿಗೆ ಕಟ್ಟುಬಿದ್ದವರು. ಪತ್ರವಿಲ್ಲದ, ಬಡ್ಡಿಯಿಲ್ಲದ, ಆದ್ದರಿಂದ ತೀರಿಸಲಾರದ ಋಣ ಇದು. ಮನೆಗೆ ಬಂದ ಸೊಸೆ ಅನಿತಾ ಅದಕ್ಕೆ ಹೆಸರಿಡಲು ಹೋದಾಗ ಮನೆಯ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಶೀರ್ಷಿಕೆಯ ನುಡಿ ಅವಳ ತವರಿನದು. ಗಾಳಿಪಟದ ದಾರ ಸಿಕ್ಕಾದಾಗ ಹುಟ್ಟಿದ್ದು. ಮದುವೆಯ ಹೊಸತರಲ್ಲಿ ಲಂಗದ ಲಾಡಿಯ ಗಂಟು ಬಿಚ್ಚದಿದ್ದಾಗ ಅದು ಗಂಡನಿಗೂ ಸಲ್ಲುತ್ತದೆ. ಲಾಡಿಯ ಗಂಟಿನಿಂದ ಹಣದ ಗಂಟಿನವರೆಗೆ ಆ ಪದ ಸಾಗುವುದನ್ನು ಕಾದಂಬರಿ ಎಲ್ಲಿಯೂ ವಿವರಿಸುವುದಿಲ್ಲ. ಕೊನೆಯಲ್ಲಿ ನಿರೂಪಕನ ಕೈಯಲ್ಲಿ ರಕ್ತ ಕಾಣಿಸುತ್ತದೆ, ಅದನ್ನು ತೋರಿಸಿಕೊಡುವವನು ಇನ್ನೊಬ್ಬ. ತನ್ನ ಮೈಯ ಲೆಕ್ಕ ತನಗೇ ತಿಳಿಯದಂತಾಗುವುದು ಸಿರಿವಂತಿಕೆಯ ಬಿಗಿತದ ಲಕ್ಷಣವೆಂದು ನಾವು ಭಾವಿಸುತ್ತೇವೆ. ಸರ್ವಜ್ಞನ ಸಾಲಗಾರನಿಗೆ ಎಲ್ಲಿ ನೋಯುತ್ತಿದೆ ಎಂಬುದಾದರೂ ಗೊತ್ತಿತ್ತು.

7

ಈ ಓದಿಗೆ ಎರಡು ಆಕ್ಷೇಪಗಳು ಬರಬಹುದು. ‘ಹುಬ್ಬು ಗಂಟಿಕ್ಕು’, ‘ಕೈ ಬಿಗಿ’ ಮೊದಲಾದವು ಸವೆದ ನುಡಿಗಟ್ಟುಗಳು, ಆಡುವವರಿಗೆ ಮೈಯ ನೆನಪೂ ಇರುವುದಿಲ್ಲ ಎಂಬುದು ಮೊದಲನೆಯದು. ಇದು ನಿಜ. ಆದ್ದರಿಂದಲೇ ನಾವು ನಿಘಂಟನ್ನು ಮಾತ್ರ ಅವಲಂಬಿಸದೆ, ಸವೆದ ಮಾತಿಗೆ ಮತ್ತೆ ಎಲುಬು, ಚರ್ಮಗಳನ್ನು ಕೊಟ್ಟ ರಚನೆಗಳನ್ನು ಆರಿಸಿಕೊಂಡಿದ್ದೇವೆ.

ಎರಡನೆಯದು ಹೆಚ್ಚು ಗಂಭೀರವಾದುದು. ಇಟ್ಟಿಗೆ ಹೊರುವವನ ಸೊಂಟ ನೋಯುವುದು ಇಟ್ಟಿಗೆಯಿಂದ. ಅದನ್ನು ಭಾವನೆಯ ನೋವೆಂದು ಕರೆಯುವುದು ಹೊರೆ ಹೊರಿಸಿದವನನ್ನು ಪಾರುಮಾಡಿದಂತೆ ಆಗುವುದಿಲ್ಲವೇ? ಆಗುತ್ತದೆ. ನೋವನ್ನು ಹೊರೆಯಿಂದ ಬಿಡಿಸಿ ಮನಸ್ಸಿಗೆ ಒಪ್ಪಿಸುವುದು ನಮ್ಮ ಉದ್ದೇಶವಲ್ಲ. ಸಾಲ ಮಾಡುವುದು ಇಷ್ಟು: ನೋಯುವ ಸೊಂಟಕ್ಕೆ ವಿಶ್ರಾಂತಿಯ ಹಕ್ಕನ್ನು ಇಲ್ಲವಾಗಿಸುತ್ತದೆ. ಹೊರೆಯಿಂದ ನೋವು ಹುಟ್ಟುತ್ತದೆ. ಕಂತಿನ ಭಯದಿಂದ ಅದು ಉಳಿದುಕೊಳ್ಳುತ್ತದೆ. ಹಣದ ಭಾವ ಮೈಯಲ್ಲಿ ಬಿಗಿತವಾಗುವ ದಾರಿಗಳಲ್ಲಿ ಇದು ಮುಖ್ಯವಾದುದು.

ಬೆಂಗಳೂರಿನಲ್ಲಿ ರಘುರಾಮ್, ವೈಸ್ ಮತ್ತು ಸಹೋದ್ಯೋಗಿಗಳು ಖಿನ್ನತೆಯ ರೋಗಿಗಳನ್ನು ಕುರಿತು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆರವಾಗುತ್ತದೆ. ಖಿನ್ನತೆಯ ಲಕ್ಷಣಗಳು ಹೆಚ್ಚಾದಂತೆ ಕಳಂಕದ ಭಾವ ಹೆಚ್ಚುತ್ತಿತ್ತು. ಮೈಯ ಬೇನೆಗಳ ವಿಷಯದಲ್ಲಿ ಸಂಬಂಧ ಇದಕ್ಕೆ ವಿರುದ್ಧವಾಗಿತ್ತು. ಮೈಯ ನೋವನ್ನು ನಾಲ್ವರೆದುರು ಹೇಳಬಹುದು, ದುಗುಡವನ್ನು ಹೇಳಲಾಗದು. ಸಾಲಕ್ಕೂ ಈ ಮಾತು ಸಲ್ಲುತ್ತದೆ ಎಂಬುದು ನಮ್ಮ ಊಹೆ. ಸೊಂಟನೋವಿಗೆ ಲಜ್ಜೆಯಿಲ್ಲ, ಸಾಲಕ್ಕೆ ಇದೆ. ಆದ್ದರಿಂದ ಪರಊರಿನಲ್ಲಿ ಕನ್ನಡಿಗ ಹೇಳಬಹುದಾದುದನ್ನು ಹೇಳುತ್ತಾನೆ, ಹೇಳಲಾಗದ್ದನ್ನು ಅದರೊಳಗೆ ಗಂಟು ಕಟ್ಟಿಡುತ್ತಾನೆ.

ಈ ಗಂಟನ್ನು ಬಿಚ್ಚುವುದು ವಿಮರ್ಶೆಯ ಶಕ್ತಿಗೆ ಮೀರಿದ್ದು. ಅದು ಅಲ್ಲಿದೆ ಎಂದು ತೋರಿಸುವುದು ಮಾತ್ರ ನಮ್ಮ ಕೆಲಸದ ಎಲ್ಲೆಯೊಳಗಿದೆ. ಹೊರನಾಡಿನಲ್ಲಿದ್ದು ಕನ್ನಡವನ್ನು ಕಲಿಸುವವರು, ಅನುವಾದಿಸುವವರು ‘ನಡ ಹಿಡದದ’ ಎಂಬ ಮಾತನ್ನು ಕೇಳಿದಾಗ ಅದನ್ನು ನುಡಿಗಟ್ಟೆಂದು ಬದಿಗಿಡದೆ, ಬರಿಯ ರೋಗಲಕ್ಷಣವೆಂದು ಅಲ್ಲಿಗೇ ನಿಲ್ಲಿಸದೆ, ಇನ್ನೊಂದು ಪ್ರಶ್ನೆಯನ್ನು ಕೇಳುವಂತಾದರೆ ಸಾಕು: ಯಾರಿಗೆ ಕೊಡಬೇಕಾಗಿದೆ? ಸರ್ವಜ್ಞನ ಮೂರು ಸಾಲುಗಳು ನಮ್ಮಿಂದ ಇಷ್ಟನ್ನು ನಿರೀಕ್ಷಿಸುತ್ತವೆ.